ಕೀಲಿ ಹಾಕಿದ ಮನೆಗೆ ಬಂದ ಸಕ್ಕರೆ ಆರತಿ

ನಮ್ಮ ಮನೆಯಲ್ಲಿ ರವಿವಾರಕ್ಕೂ ವೇಳಾಪಟ್ಟಿ ಇತ್ತು. ಅಪ್ಪ ನೂಲಿನ ಗಿರಣಿಯೊಂದರಲ್ಲಿ ಟೈಮ್‌ಕೀಪರ್ ಆಗಿದ್ದರು. ಗಿರಣಿಯ ಭೋಂಗಾ ಅವರ ಗಡಿಯಾರ ನೋಡಿ ಕೂಗುತ್ತಿತ್ತು. ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಓಣಿ ಆ ಭೋಂಗಾ ಕೇಳಿ ಒಲೆ ಹಚ್ಚುತ್ತಿತ್ತು. ತಡವಾಗಿ ಬಂದವರನ್ನು ಗೇಟಿನ ಹೊರಗೆ ನಿಲ್ಲಿಸುವುದು ಅಪ್ಪನ ಕೆಲಸ. ಆ ಕೆಲಸವನ್ನು ಗಿರಣಿಯಲ್ಲೇ ಬಿಟ್ಟು ಬರುವುದು ಅವರಿಗೆ ಗೊತ್ತಿರಲಿಲ್ಲ. ಊಟಕ್ಕೆ ಒಮ್ಮೆ ಕರೆದರೆ ಮತ್ತೆ ಕರೆಯಿಲ್ಲ. ಹಾಸಿಗೆ ಮಡಚದೆ ಚಹಾ ಇಲ್ಲ. ನಾನು ಮುಂದೆ ನರ್ಸ್ ಆಗಿ ಡ್ಯೂಟಿ ಮಾಡಿದ ದಿನಗಳಲ್ಲಿ ಈ ಅಭ್ಯಾಸ ನನ್ನ ಕೈ ಹಿಡಿಯಿತು. ಅದಕ್ಕಾಗಿ ಅಪ್ಪನಿಗೆ ಋಣಿ. ಆದರೆ ಆ ಶಿಸ್ತಿನಿಂದ ನಮ್ಮ ಮನೆಯಲ್ಲಿ ಒಬ್ಬಳಿಗೆ ಏನಾಯಿತು ಎಂಬುದೂ ನೆನಪಿದೆ.

ಮಹಾನವಮಿಯ ಬನ್ನಿ ಕೊಟ್ಟು ಮುಗಿದ ಮೇಲೆ, ಚಳಿ ಗಟ್ಟಿಯಾಗುವ ತನಕ ಬರುವ ರವಿವಾರಗಳೆಲ್ಲ ನಮಗೆ ತಿರುಗಾಟದ ರವಿವಾರಗಳು. ಮಳೆ ಹಿಂದೆ ಸರಿದಿರುತ್ತಿತ್ತು. ಎರೆ ಹೊಲಗಳಲ್ಲಿ ಹತ್ತಿ ಕಾಯಿ ಕಟ್ಟಿರುತ್ತಿತ್ತು, ಬಿಸಿಲು ಇನ್ನೂ ಮೈ ಸುಡುತ್ತಿರಲಿಲ್ಲ. ಸೀಗಿ ಹುಣ್ಣಿಮೆಯ ಸುತ್ತಿನ ರವಿವಾರ ಹೊಂಬಳದಲ್ಲಿ ಅವ್ವನ ತವರಿನವರ ಹೊಲಕ್ಕೆ ಹೋಗುತ್ತಿದ್ದೆವು. ಬಸುರಿ ಹೆಂಗಸಿಗೆ ಬಯಕೆಯ ಊಟ ಬಡಿಸಿದಂತೆ ಪೈರು ಹೊತ್ತ ಭೂಮಿಗೆ ಕಡುಬು, ಪುಂಡಿಪಲ್ಯ, ರೊಟ್ಟಿ ಕಲಸಿ ಚರಗ ಚೆಲ್ಲುವುದು, ಆಮೇಲೆ ಬದುವಿನ ಮೇಲೆ ಕೂತು ನಾವೂ ಉಣ್ಣುವುದು. ದೀಪಾವಳಿಯಾದ ಮೇಲೆ ಒಂದು ರವಿವಾರ ಮುಂಡರಗಿ ದಾಟಿ ಕೊರ್ಲಹಳ್ಳಿಗೆ, ತುಂಗಭದ್ರೆಯ ದಂಡೆಗೆ. ಇನ್ನೊಂದು ರವಿವಾರ ಮಾಗಡಿಯ ಕೆರೆಗೆ. ಎಲ್ಲಿಂದಲೋ ಬರುವ ದೊಡ್ಡ ಬಾತುಗಳು ಆ ಹೊತ್ತಿಗೆ ಅಲ್ಲಿ ಇಳಿಯಲು ಶುರುಮಾಡಿರುತ್ತಿದ್ದವು. ಬಸ್ಸು ಸಿಗದ ರವಿವಾರ ಊರಲ್ಲೇ ಕುಸ್ತಿ ಇದ್ದರೆ ಕುಸ್ತಿ, ಇಲ್ಲವಾದರೆ ತ್ರಿಕೂಟೇಶ್ವರನ ಗುಡಿ. ಬರುವಾಗ ಸ್ಟೇಷನ್ ರಸ್ತೆಯಲ್ಲಿ ನಿಂತು ಗಿರ್ಮಿಟ್ಟು ತಿನ್ನುವುದು.

ಓಣಿಯವರಿಗೆ ನಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ಗಿರಣಿಯಲ್ಲಿ ದುಡಿಯುವ ಬೇರೆ ಯಾರೂ ಹೆಂಡತಿ ಮಕ್ಕಳನ್ನು ಹೀಗೆ ವಾರವಾರ ಕರೆದೊಯ್ಯುತ್ತಿರಲಿಲ್ಲ. ಆದರೆ ಅದು ಸಡಗರದ ತಿರುಗಾಟವಾಗಿರಲಿಲ್ಲ. ಯಾರು ಏನು ಹಿಡಿಯಬೇಕು ಎಂಬುದು ನಿಗದಿಯಾಗಿತ್ತು. ರೊಟ್ಟಿ ಬುತ್ತಿಯ ಗಂಟು ಅಕ್ಕನಿಗೆ, ನೀರಿನ ಸಣ್ಣ ಕೊಡ ನನಗೆ, ಜಮಖಾನೆ ಅವ್ವನಿಗೆ. ಛತ್ರಿ ಮತ್ತು ಮನೆಯ ಕೀಲಿ ಅಪ್ಪನ ಬಳಿ. ಹೋಗುವುದಾದರೆ ಎಲ್ಲರೂ ಹೋಗಬೇಕು. ಒಬ್ಬರು ಮನೆಯಲ್ಲಿ ಉಳಿಯುವಂತಿಲ್ಲ. ಹೊರಡುವ ಬಸ್ಸು, ತಿರುಗಿ ಬರುವ ಬಸ್ಸು ಮೊದಲೇ ಗೊತ್ತು. ನದಿಯ ದಂಡೆಯಲ್ಲಿ ಕೂತರೂ ಅಪ್ಪ ಹೊಳೆಗಿಂತ ಹೆಚ್ಚು ತಮ್ಮ ಕೈಗಡಿಯಾರವನ್ನೇ ನೋಡುತ್ತಿದ್ದರು.

ಆದರೂ ಅಕ್ಕನಿಗೆ ಈ ರವಿವಾರಗಳೆಂದರೆ ಜೀವ. ಮನೆಯಲ್ಲಿ ಅವಳ ದನಿ ಕೇಳುತ್ತಿರಲಿಲ್ಲ. ಬಸ್ಸು ಊರು ದಾಟಿತೆಂದರೆ ಅವಳ ಮಾತು ಶುರು. ಕಿಟಕಿಯ ಪಕ್ಕ ಕೂತು, ಹೊಲದಲ್ಲಿ ಕಂಡ ಪ್ರತಿ ಬೆರ್ಚಪ್ಪನಿಗೂ ನಮ್ಮ ಸಂಬಂಧಿಕರ ಹೆಸರಿಟ್ಟು ನನ್ನನ್ನು ನಗಿಸುತ್ತಿದ್ದಳು. ಅಪ್ಪ ಹಿಂದಿರುಗಿ ನೋಡಿದರೆ ಇಬ್ಬರೂ ಗಪ್ಪು.

ಅಕ್ಕ ಎತ್ತರದ ಹುಡುಗಿ. ಅದೇ ಅವಳಿಗೆ ಶಾಪವಾಗಿತ್ತು. ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಊರಿಗೆ ಹೋಗಿ, ಹುಡುಗಿ ಉದ್ದ ಆದಳು ಎಂದು ಹೇಳಿ ಕಳಿಸುತ್ತಿದ್ದರು. ಹೀಗೆ ಬಂದು ಹೋದವರು ಹಲವರು. ಒಂದೊಂದು ಸಲವೂ ಅಕ್ಕ ಸ್ವಲ್ಪ ಬೆನ್ನು ಬಗ್ಗಿಸಿ ನಡೆಯಲು ಕಲಿತಳು. ಕೊನೆಗೆ ಲಕ್ಷ್ಮೇಶ್ವರದಿಂದ ಒಂದು ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಅದನ್ನು ನೋಡಿಯೇ ಅವ್ವ ಅಡುಗೆಮನೆಯಲ್ಲಿ ನನ್ನ ಕೈ ಹಿಚುಕಿದಳು. ಹುಡುಗನ ತಾಯಿ ಅಕ್ಕನನ್ನು ತಮ್ಮ ಪಕ್ಕ ಕೂರಿಸಿಕೊಂಡು ಕೇಳಿದರು.

"ಯಾಕ ತಂಗಿ, ಹಿಂಗ ಬಗ್ಗಿ ಕುಂಡರತಿ? ನೆಟ್ಟಗ ಕುಂಡ್ರು. ನನ್ನ ಮಗಾ ಅಟ್ಟದ ಮ್ಯಾಲಿಂದ ಡಬ್ಬಿ ಇಳಿಸಿ ಇಳಿಸಿ ಸಾಕಾಗ್ಯಾನ. ಅವಗ ಜೋಡಿ ಬೇಕಾಗೇತಿ."

ಎಲ್ಲರೂ ನಕ್ಕರು. ಅಕ್ಕ ನೆಟ್ಟಗೆ ಕೂತಳು. ಅಂದಿನಿಂದ ಅವಳು ನೆಟ್ಟಗೇ ನಡೆದಳು.

ಮಾತು ಮುಗಿಯಿತು. ಹೊರಡುವಾಗ ಆ ತಾಯಿ, "ಗೌರಿ ಹುಣ್ಣಿಮಿಗೆ ಸಕ್ಕರಿ ಆರತಿ ತಗೊಂಡು ಬರ್ತೀವ್ರಿ," ಎಂದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಭರವಸೆಯಿಲ್ಲ. ಹುಡುಗಿ ಗೊತ್ತಾದ ಮೇಲೆ ಬರುವ ಮೊದಲ ಗೌರಿ ಹುಣ್ಣಿಮೆಗೆ, ಅಂದರೆ ದೀಪಾವಳಿಯ ನಂತರದ ಹುಣ್ಣಿಮೆಗೆ, ಗಂಡಿನ ಮನೆಯವರು ಸಕ್ಕರೆಯ ಗೊಂಬೆಗಳನ್ನು ಮಾಡಿಸಿ, ಸೀರೆ, ಬಳೆ, ಹೂವಿನ ದಂಡೆಯ ಜೊತೆ ತರುತ್ತಾರೆ. ಹುಡುಗಿಯ ಉಡಿ ತುಂಬಿ, ಗೊಂಬೆಗಳ ತಟ್ಟೆಯನ್ನು ಅವಳ ಕೈಗೇ ಕೊಡುತ್ತಾರೆ. ಸಂಜೆ ಅವಳು ಅದನ್ನು ಹಿಡಿದು ಓಣಿಯ ಗುಡಿಗೆ ಹೋಗಿ ಗೌರಿಗೆ ಬೆಳಗುತ್ತಾಳೆ. ಮರುದಿನ ಆ ಸಕ್ಕರೆ ಒಡೆದು ಮನೆಮನೆಗೆ ಹಂಚಿದರೆ ಸಂಬಂಧ ಗಟ್ಟಿಯಾಯಿತೆಂದು ಊರಿಗೇ ಸಾರಿದಂತೆ. ಅಕ್ಕ ಇಷ್ಟು ವರ್ಷ ಬೇರೆಯವರ ಸಕ್ಕರೆ ತಿಂದಿದ್ದಳು. ಈ ಸಲ ತನ್ನದನ್ನು ಹಂಚುವ ಸರದಿ.

ಆ ವರ್ಷ ಗೌರಿ ಹುಣ್ಣಿಮೆ ರವಿವಾರ ಬಂತು. ಶನಿವಾರ ಲಕ್ಷ್ಮೇಶ್ವರದ ಅರಿವೆ ವ್ಯಾಪಾರಿಯೊಬ್ಬರು ಬಂದು, ನಾಳೆ ಬೀಗರು ಬರುತ್ತಾರೆ ಎಂಬ ಖಬರು ಮುಟ್ಟಿಸಿದರು. ಎಷ್ಟು ಹೊತ್ತಿಗೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ರವಿವಾರ ಅಪ್ಪನ ಪಟ್ಟಿಯಲ್ಲಿ ಮಾಗಡಿ ಇತ್ತು.

"ಇದೊಂದ ರವಿವಾರ ಬ್ಯಾಡ್ರಿ," ಎಂದಳು ಅವ್ವ. "ಬೀಗರು ಬರೂ ದಿನ."

"ಆರತಿ ಸಂಜೀಕ. ದೀಪಾ ಹಚ್ಚೂದರಾಗ ನಾವು ಮನ್ಯಾಗ ಇರ್ತೀವಿ."

"ಹಂಗಾರ ನೀವು ಸಣ್ಣಾಕೀನ ಕರಕೊಂಡು ಹೋಗ್ರಿ. ನಾವಿಬ್ಬರೂ ಮನಿ ಕಾಯತೀವಿ."

"ಮನಿ ಕಾಯಾಕ ಕೀಲಿ ಐತಿ," ಎಂದರು ಅಪ್ಪ. "ಒಂದ ಸಲ ಬಿಟ್ಟರ ಮುಂದಿನ ಸಲಾನೂ ಒಂದು ನೆವ ಹುಟ್ಟತೈತಿ. ಗಿರಣ್ಯಾಗ ನೋಡೀನಲ್ಲ ನಾ, ದಿನಾ."

ಮಾತು ಅಲ್ಲಿಗೆ ನಿಂತಿತು. ಬೆಳಿಗ್ಗೆ ನೋಡಿದರೆ ಅಕ್ಕ ತಲೆಗೆ ಎಣ್ಣೆ ಹಚ್ಚಿ, ಜಡೆ ಬಿಗಿಯಾಗಿ ಹೆಣೆದುಕೊಂಡು, ಎತ್ತಿಟ್ಟಿದ್ದ ಸೀರೆ ಉಟ್ಟು ಬುತ್ತಿಯ ಗಂಟು ಹಿಡಿದು ನಿಂತಿದ್ದಳು. ಕೆರೆಗೆ ಹೋಗುವಾಗ ಆ ಸೀರೆ ಯಾಕೆ ಎಂದು ಅವ್ವ ಕೇಳಲಿಲ್ಲ. ತಿರುಗಿ ಬಂದ ತಕ್ಷಣ ಆರತಿಗೆ ಸಿದ್ಧಳಾಗಿರಬೇಕೆಂದು ಅಕ್ಕನ ಲೆಕ್ಕ. ಅಪ್ಪ ಕೀಲಿ ಹಾಕಿ, ಒಮ್ಮೆ ಜಗ್ಗಿ ನೋಡಿ, ಅಂಗಿಯ ಒಳಜೇಬಿಗೆ ಇಳಿಸಿದರು. ಪಕ್ಕದ ಮನೆಯ ಚಾಚಿ ಕಟ್ಟೆಯ ಮೇಲೆ ಗೋಧಿ ಹಸನು ಮಾಡುತ್ತಿದ್ದರು. ಅವರ ಮನೆಯವರದು ಬಳೆ ಅಂಗಡಿ. ಅಕ್ಕನ ಮದುವೆಗೆ ಬಳೆ ಇಡಿಸುವುದು ತಾವೇ ಎಂದು ಆಗಲೇ ಹೇಳಿಟ್ಟಿದ್ದರು.

"ಇವತ್ತೂ ಹೊಂಟ್ರಾ?" ಎಂದರು ಚಾಚಿ.

"ಲಗೂನ ಬರ್ತೀವಿ," ಎಂದಳು ಅವ್ವ.

ಮಾಗಡಿ ಲಕ್ಷ್ಮೇಶ್ವರದ ದಾರಿಯಲ್ಲೇ ಇದೆ. ಬಸ್ಸು ಇಳಿದು ಕೆರೆಯ ಏರಿ ಹತ್ತಿದೆವು. ಹಕ್ಕಿಗಳು ಬಂದಿದ್ದವು. ನೀರಿನ ನಡುವೆ ಬೂದು ಬಣ್ಣದ ಗುಂಪುಗಳು, ಒಂದೊಂದರ ಬಿಳಿ ತಲೆಯ ಮೇಲೆ ಕಪ್ಪು ಪಟ್ಟಿ. ಬೇರೆ ವರ್ಷಗಳಲ್ಲಿ ಅವನ್ನು ನೋಡುತ್ತ ಅಕ್ಕ ಹೊತ್ತಿನ ಪರಿವೆ ಮರೆಯುತ್ತಿದ್ದಳು. ಅಂದು ಅವಳು ಕೆರೆಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ ಕೂತಳು. ಉಣ್ಣುವಾಗ ಶೇಂಗಾ ಚಟ್ನಿ ಖಾರವಾಗಿ ನೀರು ಖಾಲಿಯಾಯಿತು. ಕೊಡ ತುಂಬಿಕೊಂಡು ಬರಲು ಅವ್ವ ನಮ್ಮಿಬ್ಬರನ್ನೂ ಬಸ್ಸು ನಿಲ್ಲುವ ಜಾಗಕ್ಕೆ ಕಳಿಸಿದಳು. ಅಲ್ಲೊಂದು ಚಹಾದ ಅಂಗಡಿ, ಅದರ ಮುಂದೆ ಒಂದು ಬೇವಿನ ಮರ.

ಅಂಗಡಿಯವನು ಹಂಡೆಯಿಂದ ನೀರು ತೋಡಿ ಹಾಕುತ್ತ ಕೇಳಿದ. "ಗದಗಿನವರೇನ? ಹಕ್ಕಿ ನೋಡಾಕ ಬಂದೀರಾ?"

"ಹೂಂ," ಎಂದೆ.

"ಅವು ನಮ್ಮ ಶೇಂಗಾ ತಿನ್ನಾಕ ಬರ್ತಾವ. ನೀವು ಅವನ್ನ ನೋಡಾಕ ಬರ್ತೀರಿ. ನಮ್ಮನ್ನ ನೋಡಾಕ ಮಾತ್ರ ಯಾ ಮಗನೂ ಬರೂದಿಲ್ಲ ನೋಡವಾ."

ನಾನು ನಗುತ್ತಿರುವಾಗಲೇ ಲಕ್ಷ್ಮೇಶ್ವರದ ಕಡೆಯಿಂದ ಗದಗಿಗೆ ಹೋಗುವ ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು. ಧೂಳು ಇಳಿದಾಗ ಕಿಟಕಿಯಲ್ಲಿ ಹುಡುಗನ ತಾಯಿ ಕಂಡರು. ತೊಡೆಯ ಮೇಲೆ ಕೆಂಪು ವಸ್ತ್ರ ಮುಚ್ಚಿದ ಅಗಲವಾದ ತಟ್ಟೆ. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಿದ್ದರು. ಪಕ್ಕದಲ್ಲಿ ರುಮಾಲು ಸುತ್ತಿದ ಹುಡುಗನ ಮಾವ, ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು.

ನಾನು ಕೂಗಲು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದು ಬೇವಿನ ಮರದ ಹಿಂದಕ್ಕೆ ಎಳೆದಳು. ಕೊಡದಿಂದ ನೀರು ತುಳುಕಿ ಅವಳ ಸೀರೆಯ ಮೇಲೆ ಬಿತ್ತು. ಸೆರಗು ಮುಖದ ಮೇಲೆ ಎಳೆದುಕೊಂಡು, ಮರಕ್ಕೆ ಒತ್ತಿಕೊಂಡು ನಿಂತಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

"ಯಾಕ ಅಡಗಿದಿ?" ಎಂದೆ.

"ಮಂದೀ ಊರಾಗ, ಬಸ್ಸ್‌ಸ್ಟ್ಯಾಂಡಿನ್ಯಾಗ, ಕೈಯಾಗ ಕೊಡಾ ಹಿಡಕೊಂಡು ಹೆಂಗ ನಿಂದರಲಿ ಅವರ ಮುಂದ? ಆರತಿ ಕೊಡಾಕ ಬಂದವರು ಏನಂದಾರು?"

ಗೊತ್ತಾದ ಹುಡುಗಿ ಉಡಿ ತುಂಬುವ ಮೊದಲು ಬೀಗರ ಕಣ್ಣಿಗೆ ಹಾದಿಬೀದಿಯಲ್ಲಿ ಬೀಳಬಾರದು. ಅದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬಸ್ಸಿನ ಧೂಳು ತಿರುವಿನಲ್ಲಿ ಮರೆಯಾದ ಮೇಲೆ, ಅವರು ಹೋಗುತ್ತಿರುವುದು ಕೀಲಿ ಹಾಕಿದ ಮನೆಗೆ ಎಂಬುದು ಅವಳಿಗೆ ಹೊಳೆಯಿತು. ಕೊಡವನ್ನು ನನ್ನ ಕೈಗಿಟ್ಟು, ನೆರಿಗೆ ಎತ್ತಿ ಹಿಡಿದು ಏರಿಯ ಕಡೆ ಓಡಿದಳು. ಅಷ್ಟು ದೊಡ್ಡ ಹುಡುಗಿ ಓಡುವುದನ್ನು ನಾನು ಅದೇ ಮೊದಲು ನೋಡಿದ್ದು.

ನಾನು ಮುಟ್ಟುವಷ್ಟರಲ್ಲಿ ಅವ್ವ ಜಮಖಾನೆ ಮಡಚುತ್ತಿದ್ದಳು. ಅಪ್ಪ ಕೂತೇ ಇದ್ದರು.

"ಕುಂಡರತಾರ. ಚಾಚಿ ಅದಾಳ, ಕುಂಡರಸತಾಳ," ಎಂದರು. "ಸಂಜೀಕ ಆರತಿ ಮಾಡಿಸಿ, ಉಂಡು ಹೋಗ್ತಾರ."

"ಉಂಡು ಹೋಗಾಕ ಬಸ್ಸು ಐತೇನ್ರಿ?" ಅವ್ವನ ದನಿ ಏರಿತು. "ಲಕ್ಷ್ಮೇಶ್ವರದ ಕಡೀ ಬಸ್ಸು ಯಾವಾಗ? ಹೇಳ್ರಿ, ನಿಮಗ ಗೊತ್ತಿರತೈತಲ್ಲ!"

ಅಪ್ಪನಿಗೆ ಗೊತ್ತಿತ್ತು. ಆ ರಸ್ತೆಯ ಒಂದೊಂದು ಬಸ್ಸೂ ಗೊತ್ತಿತ್ತು. ಹೆಂಗಸರನ್ನು ಕರೆದುಕೊಂಡು ಪರ ಊರಿನಿಂದ ಬಂದವರು ಹೊತ್ತು ಇಳಿಯುವ ಮೊದಲೇ ತಿರುಗಿ ಬಸ್ಸು ಹತ್ತಬೇಕು, ಅದಕ್ಕೇ ಮಧ್ಯಾಹ್ನವೇ ಬರುತ್ತಾರೆ ಎಂಬ ಸಣ್ಣ ವಿಷಯ ಮಾತ್ರ ಅವರ ತಲೆಗೆ ಬಂದಿರಲಿಲ್ಲ. ನಮ್ಮ ವೇಳೆಯನ್ನು ಇಷ್ಟು ಕಾಯುತ್ತಿದ್ದವರು ಇನ್ನೊಬ್ಬರ ವೇಳೆಯನ್ನು ಒಮ್ಮೆಯೂ ನೆನೆದಿರಲಿಲ್ಲ. ಅವರು ಎದ್ದು ಛತ್ರಿ ತೆಗೆದುಕೊಂಡರು.

ಗದಗಿನ ಕಡೆಗೆ ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು. ಬೇವಿನ ಮರದ ಕೆಳಗೆ ನಿಂತೆವು. ಹತ್ತಿ ಹೇರಿಕೊಂಡ ಲಾರಿಯೊಂದು ಬಂದು ಚಹಾಕ್ಕೆ ನಿಂತಿತು, ಗದಗಿನ ಪೇಟೆಗೆ ಹೋಗುವುದು. ಅವ್ವ ಅಪ್ಪನ ಮುಖ ನೋಡಿದಳು.

"ಬರ್ರಿ, ಮುಂದ ಕುಂಡರಾಕ ಜಾಗಾ ಐತಿ," ಎಂದ ಡ್ರೈವರ್.

"ಹೆಣ್ಮಕ್ಕಳನ್ನ ಲಾರ್ಯಾಗ ಹತ್ತಸೂದಿಲ್ಲ," ಎಂದರು ಅಪ್ಪ.

ಅಕ್ಕ ಲಾರಿ ಹೋಗುವುದನ್ನು ನೋಡುತ್ತ ನಿಂತಳು. ಅದರಿಂದ ಉದುರಿದ ಹತ್ತಿಯ ಎಳೆಯೊಂದು ಅವಳ ಕೂದಲಿಗೆ ಸಿಕ್ಕಿಕೊಂಡಿತ್ತು. ತೆಗೆಯಲು ಹೋದೆ, ತಲೆ ಸರಿಸಿಕೊಂಡಳು.

ಬಸ್ಸು ತಡವಾಗಿ ಬಂತು, ತುಂಬಿ ಬಂತು. ನಿಂತೇ ಹೋದೆವು. ಗದಗು ಹತ್ತಿರವಾಗುತ್ತಿದ್ದಾಗ ಎದುರಿನಿಂದ ಲಕ್ಷ್ಮೇಶ್ವರದ ಬಸ್ಸು ಬಂದು ನಮ್ಮ ಬಸ್ಸಿಗೆ ಹೆಚ್ಚುಕಡಿಮೆ ಉಜ್ಜಿಕೊಂಡೇ ಹೋಯಿತು. ಅವ್ವ ಬಗ್ಗಿ ಕಿಟಕಿಯಲ್ಲಿ ನೋಡಲು ಹೋದಳು. ಧೂಳಲ್ಲದೆ ಏನೂ ಕಾಣಲಿಲ್ಲ. ಅಕ್ಕ ನೋಡಲೇ ಇಲ್ಲ.

ಟಾಂಗಾದಲ್ಲಿ ಬೆಟಗೇರಿಗೆ ಬರುವಾಗ ದೀಪ ಹಚ್ಚುವ ಹೊತ್ತು. ಅಪ್ಪ ಹೇಳಿದ ಹೊತ್ತಿಗೇ ಬಂದಿದ್ದೆವು. ಓಣಿಯ ತುಂಬ ಹುಡುಗಿಯರು ರೇಷ್ಮೆ ಲಂಗ ತೊಟ್ಟು, ತಟ್ಟೆಯಲ್ಲಿ ಸಕ್ಕರೆಯ ಆನೆ, ಗಿಳಿ, ಗೋಪುರ ಇಟ್ಟು, ನಡುವೆ ದೀಪ ಹಚ್ಚಿಕೊಂಡು, ಹಾಡುತ್ತ ಬಸವಣ್ಣನ ಗುಡಿಗೆ ಹೊರಟಿದ್ದರು. ನಮ್ಮ ಮನೆಯ ಮುಂದೆ ಮಾತ್ರ ಕತ್ತಲೆ. ಹೊಸ್ತಿಲ ಮೇಲೆ ಅರಿಸಿನ ಕುಂಕುಮದ ಬೊಟ್ಟುಗಳಿದ್ದವು. ಬೆಳಿಗ್ಗೆ ಅವು ಇರಲಿಲ್ಲ. ಬಾಗಿಲು ತೆರೆಯದ ಮನೆಯ ಹೊಸ್ತಿಲಿಗಾದರೂ ಹಚ್ಚಿ ಹೋಗಿದ್ದರು. ಅಪ್ಪ ಅದನ್ನು ತುಳಿಯದಂತೆ ಕಾಲು ಎತ್ತಿಟ್ಟು ಕೀಲಿ ತೆಗೆದರು.

ಚಾಚಿ ತಮ್ಮ ಮನೆಯಿಂದ ತಟ್ಟೆ ಹಿಡಿದು ಬಂದರು. ಕೆಂಪು ವಸ್ತ್ರ ಹಾಗೆಯೇ ಇತ್ತು.

"ಅಕ್ಕಾರ, ಕುಂತು ಕುಂತು ಈಗ ಹೋದ್ರಲ್ರಿ! ನಮ್ಮ ಕಟ್ಟೀ ಮ್ಯಾಲ ಕುಂಡರಿಸಿದ್ದೆ. ಚಾ ಕೊಟ್ಟೆ, ಆ ಅವ್ವಾರು ಮುಟ್ಟಲಿಲ್ಲ. ಸೊಸೀ ಕೈಯಾಗ ಆರತಿ ಕೊಡೂತನಕ ಉಪಾಸ ಅಂತ."

"ಏನಂದ್ರು?" ಎಂದಳು ಅವ್ವ.

"ಅವ್ವಾರು ಏನೂ ಅನ್ನಲಿಲ್ಲ. ಮಾವಾರು ಕೇಳಿದ್ರು, ನಾವು ಬರೂ ಖಬರ ಮುಟ್ಟಿಲ್ಲೇನು ಅಂತ. ಮುಟ್ಟೇತ್ರಿ, ಬರ್ತಾರ್ರಿ, ಕುಂಡ್ರಿ ಅಂದೆ. ಹಂಗಾರ ಎಲ್ಲಿ ಹೋಗ್ಯಾರ ಅಂದ್ರು." ಚಾಚಿ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. "ಮಾಗಡಿಗೆ ಹಕ್ಕಿ ನೋಡಾಕ ಅಂದುಬಿಟ್ಟೆ. ನನ್ನ ನಾಲಿಗಿಗೆ ಬೆಂಕಿ ಹಾಕ. ನಾವು ಮಾಗಡಿ ಮ್ಯಾಲೇ ಬಂದ್ವಿ, ಆರತಿ ದಿನ ಹಕ್ಕಿ ನೋಡಾಕ ಹೋಗ್ಯಾರಾ ಅಂತ ಮಾವಾರು ಎದ್ದೇ ಬಿಟ್ರು."

"ಮತ್ತ ಇದನ್ನ ಯಾಕ ಬಿಟ್ಟು ಹೋದ್ರು?"

"ಹೆಣ್ಣಿಗೆ ಅಂತ ಮನೀಂದ ಹೊರಬಿದ್ದ ಸಕ್ಕರಿ ತಿರುಗಿ ಒಯ್ಯೂ ಹಂಗಿಲ್ಲಂತ. ಆ ಅವ್ವಾರು ನನ್ನ ಕೈಯಾಗ ಇಟ್ಟು ಅತ್ತೇ ಬಿಟ್ರು ಅಕ್ಕಾರ."

ವಸ್ತ್ರ ತೆಗೆದು ನೋಡಿದೆವು. ಗುಲಾಬಿ ಬಣ್ಣದ ಆನೆ, ಬಿಳಿಯ ನಂದಿ, ಜೋಡಿ ಗಿಳಿ, ತುಳಸಿಕಟ್ಟೆ. ಅಷ್ಟು ದೂರ ಬಸ್ಸಿನಲ್ಲಿ ಬಂದರೂ ಒಂದರ ಕೊಂಬೂ ಮುರಿದಿರಲಿಲ್ಲ. ಬದಿಯಲ್ಲಿ ಸೀರೆ, ಬಾಡಿದ ಹೂವಿನ ದಂಡೆ.

"ದೀಪಾ ಹಚ್ಚಿಕೊಡ್ತೀನಿ, ಗುಡಿಗೆ ಹೋಗಿ ಬೆಳಗಿ ಬಾ," ಎಂದಳು ಅವ್ವ, ಅಕ್ಕನಿಗೆ. "ಅವರದೇ ಸಕ್ಕರಿ. ಬೆಳಗಿದರ ಬೆಳಗಿದಂಗ."

"ನನ್ನ ಕೈಯಾಗ ಯಾರು ಕೊಟ್ಟಾರ ಅಂತ ಬೆಳಗಲಿ?" ಎಂದಳು ಅಕ್ಕ. ಒಳಗೆ ಹೋಗಿ ಸೀರೆ ಬದಲಿಸಿ, ಬುತ್ತಿಯ ಪಾತ್ರೆ ತಿಕ್ಕಲು ಕೂತಳು. ಗುಡಿಯಿಂದ ಹಾಡು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆಯೇ ಲಕ್ಷ್ಮೇಶ್ವರಕ್ಕೆ ಹೋಗಿ ತಪ್ಪಾಯಿತೆಂದು ಹೇಳಿಬರಲು ಅವ್ವ ಅಪ್ಪನಿಗೆ ಅಂಗಲಾಚಿದಳು.

"ಇವತ್ತು ಡ್ಯೂಟಿ ಐತಿ. ರವಿವಾರ ಹೋಗ್ತೀನಿ."

"ಒಂದಿನ ರಜಾ ಹಾಕ್ರಿ."

"ಮಾತು ಕೊಟ್ಟ ಮಂದಿ ಒಂದು ವಾರದಾಗ ಎಲ್ಲಿ ಓಡಿ ಹೋಗ್ತಾರ?"

ಅಪ್ಪ ಕೆಟ್ಟವರಾಗಿರಲಿಲ್ಲ. ಎಂದೂ ರಜೆ ಹಾಕದವರು. ಒಮ್ಮೆ ಹಾಕಿದರೆ ಏನಾದೀತೋ ಎಂಬ ಅಂಜಿಕೆ ಅವರಿಗಿತ್ತು ಎಂದು ಈಗ ಅನ್ನಿಸುತ್ತದೆ. ಆ ವಾರ ದಿನವೂ ಭೋಂಗಾ ಸರಿಯಾಗಿ ಕೂಗಿತು. ಅಕ್ಕ ದಿನವೂ ಕಸ ಹೊಡೆಯುವಾಗ ಹೊಸ್ತಿಲನ್ನು ಮಾತ್ರ ಬಿಟ್ಟು ಹೊಡೆದಳು. ಕುಂಕುಮ ಗಾಳಿಗೆ ತಾನಾಗಿ ಹೋಯಿತು.

ರವಿವಾರ ಅಪ್ಪ ಒಬ್ಬರೇ ಹೋದರು. ಸಂಜೆ ಬಂದು ಕಾಲು ತೊಳೆದು, ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ, ಗೋಡೆಗೆ ಒರಗಿ ಕೂತರು. ಅವ್ವ ನೀರು ಕೊಟ್ಟು ಎದುರಿಗೇ ನಿಂತಳು.

"ಬ್ಯಾರೇ ಕಡೆ ಮಾತು ಮುಗಿಸ್ಯಾರಂತ," ಎಂದರು ಅಪ್ಪ. "ಸೋದರಮಾವನ ಕಡೀ ಹುಡುಗಿ."

"ಆ ಅವ್ವಾರು?"

"ಗುರುವಾರದ ತನಕ ಬಾಗಲಾ ನೋಡಿದೆ, ಯಾರಾರ ಒಬ್ಬರು ಬರ್ತೀರಿ ಅಂತ, ಅಂದ್ರು. ಮರ್ಯಾದಿಲೇ ಮಾತಾಡಿಸಿದ್ರು. ಊಟಕ್ಕೂ ಎಬ್ಬಿಸಿದ್ರು."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕೇಳಿ ಮುಗಿದ ಮೇಲೆ ಒಳಗೆ ಹೋಗಿ ಅಪ್ಪನಿಗೆ ತಾಟು ಹಾಕಿದಳು. ಅಂದಿನ ಅಡುಗೆಗೆ ಉಪ್ಪು ಖಾರ ಎಲ್ಲ ಸರಿಯಾಗಿತ್ತು.

ಸೀರೆಯನ್ನು ತಿರುಗಿ ಕಳಿಸಿದರು. ಸಕ್ಕರೆ ಒಂದು ಡಬ್ಬಿಯಲ್ಲಿ ಉಳಿಯಿತು. ಹಂಚುವಂತಿಲ್ಲ, ತಿನ್ನುವಂತಿಲ್ಲ. ರೇಷನ್ ಕಾರ್ಡಿನ ಸಕ್ಕರೆಗೆ ಸಾಲಿನಲ್ಲಿ ನಿಲ್ಲುತ್ತಿದ್ದ ಕಾಲ ಅದು. ಬೆಲ್ಲದ ಚಹಾ ಕುಡಿದ ದಿನವೂ ಆ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ. ಮಳೆಗಾಲದಲ್ಲಿ ಆನೆಯ ಸೊಂಡಿಲು ಕರಗಿತು, ಗಿಳಿಗಳು ಒಂದಕ್ಕೊಂದು ಅಂಟಿಕೊಂಡವು.

ಮತ್ತೆ ಮಹಾನವಮಿ ಬಂತು. ಹೊಂಬಳಕ್ಕೆ ಹೋಗುವ ರವಿವಾರ ಬೆಳಿಗ್ಗೆ ಅಕ್ಕ ಬುತ್ತಿ ಕಟ್ಟಿ ಅವ್ವನ ಕೈಗೆ ಕೊಟ್ಟು, ತಾನು ಬಾಗಿಲ ಒಳಗೇ ನಿಂತಳು. ಅಪ್ಪ ಕೀಲಿ ಹಿಡಿದು ಹೊರಗೆ ಕಾಯುತ್ತಿದ್ದರು.

"ನೀವು ಹೋಗಿ ಬರ್ರಿ. ಕೀಲಿ ಬ್ಯಾಡ. ಮನ್ಯಾಗ ಒಬ್ಬರು ಇರಬೇಕು."

ಅವಳು ಅಪ್ಪನಿಗೆ ಎದುರು ಮಾತಾಡಿದ್ದು ಅದೊಂದೇ ಸಲ. ಅದೂ ಮೆತ್ತಗೆ. ಅಪ್ಪ ಕೀಲಿಯನ್ನು ಒಮ್ಮೆ ನೋಡಿ, ಜೇಬಿಗೆ ಹಾಕದೆ, ಕಿಟಕಿಯ ಅಂಚಿನ ಮೇಲಿಟ್ಟರು. ನಾವು ಮೂವರೇ ಹೋದೆವು. ಬಸ್ಸಿನಲ್ಲಿ ಬೆರ್ಚಪ್ಪಗಳಿಗೆ ಹೆಸರಿಡುವವರಿರಲಿಲ್ಲ. ಹೊಲದಲ್ಲಿ ಉಂಡು ಎದ್ದಾಗ ಒಬ್ಬರ ಪಾಲಿನ ರೊಟ್ಟಿ ಗಂಟಿನಲ್ಲಿ ಉಳಿದಿತ್ತು. ಮುಂದೆ ಒಂದೆರಡು ರವಿವಾರ ಹಾಗೆಯೇ ನಡೆದು, ಆಮೇಲೆ ತಿರುಗಾಟ ನಿಂತುಹೋಯಿತು. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ.

ಅಕ್ಕನಿಗೆ ಮತ್ತೆ ಒಂದೆರಡು ಕಡೆಯಿಂದ ಕೇಳಿದರು. ಬೀಗರು ಆರತಿ ಹೊತ್ತು ಬಂದಾಗ ಮನೆಗೆ ಕೀಲಿ ಹಾಕಿಕೊಂಡು ಹೋದವರು ಎಂಬ ಮಾತು ನಮಗಿಂತ ಮುಂಚೆ ಅಲ್ಲಿಗೆ ಹೋಗಿರುತ್ತಿತ್ತು. ಕೊನೆಗೆ ಕೊರ್ಲಹಳ್ಳಿಯ ರೈತರೊಬ್ಬರಿಗೆ ಕೊಟ್ಟರು. ಹೆಂಡತಿ ತೀರಿದ್ದಳು, ಒಬ್ಬ ಸಣ್ಣ ಮಗಳಿದ್ದಳು. ಎರಡನೆಯ ಸಂಬಂಧಕ್ಕೆ ಸಕ್ಕರೆ ಆರತಿಯ ಸಂಭ್ರಮ ಮಾಡುವುದಿಲ್ಲ. ಗೊತ್ತಾದ ವಾರದಲ್ಲೇ ಅಕ್ಕಿಕಾಳು ಬಿದ್ದು ಮದುವೆ ಮುಗಿಯಿತು. ಬಳೆ ಮಾತ್ರ ಚಾಚಿಯೇ ಇಡಿಸಿದರು. ಹೋಗುವ ಮುಂಚಿನ ದಿನ ಅಕ್ಕ ಆ ಡಬ್ಬಿಯನ್ನು ಹಿತ್ತಲಿಗೆ ಒಯ್ದು ನುಗ್ಗೆಯ ಗಿಡದ ಬುಡಕ್ಕೆ ಬೋರಲು ಹಾಕಿದಳು. ಅವಳು ಗಂಡನ ಮನೆಗೆ ಹೋದ ಮೇಲೂ ಇರುವೆಗಳ ಸಾಲು ಅಲ್ಲಿ ನಡೆದೇ ಇತ್ತು.

ಅಕ್ಕನ ಯಜಮಾನರು ಒಳ್ಳೆಯವರು, ಮಾತು ಕಡಿಮೆ. ಎತ್ತರದಲ್ಲಿ ಅವಳ ಭುಜಕ್ಕೆ ಬರುತ್ತಿದ್ದರು. ಅಕ್ಕ ಮತ್ತೆ ಬೆನ್ನು ಬಗ್ಗಿಸಿ ನಡೆಯತೊಡಗಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಆ ಸಣ್ಣ ಹುಡುಗಿಯನ್ನೇ ಬೆಳೆಸಿದಳು.

ಹುಡುಗಿ ದೊಡ್ಡವಳಾಗಿ ಮುಂಡರಗಿಯ ಕಡೆ ಗೊತ್ತಾದಳು. ಅವಳ ಗೌರಿ ಹುಣ್ಣಿಮೆಗೆ ಅಪ್ಪನನ್ನು ಕರೆದುಕೊಂಡು ನಾನು ಕೊರ್ಲಹಳ್ಳಿಗೆ ಹೋದೆ. ಅವ್ವ ಆಗ ಇರಲಿಲ್ಲ. ಅಪ್ಪ ಗಿರಣಿಯಿಂದ ನಿವೃತ್ತರಾಗಿ ನನ್ನ ಜೊತೆಗಿದ್ದರು. ನಾವು ಮುಟ್ಟಿದಾಗ ಇನ್ನೂ ಬೆಳಗಿನ ಹೊತ್ತು. ಅಕ್ಕ ಆಗಲೇ ಬಾಗಿಲ ಹತ್ತಿರ ಕೂತಿದ್ದಳು. ಅಡುಗೆ ಮುಗಿದಿತ್ತು, ಚಾಪೆ ಹಾಸಿತ್ತು. ಹೊಳೆಯಿಂದ ನೀರು ತರಲು ಕೂಡ ಪಕ್ಕದ ಮನೆಯ ಹೆಂಗಸಿಗೆ ಹೇಳಿದ್ದಳು.

"ನಿನ್ನೇ ಖಬರ ಕಳಿಸ್ಯಾರ, ಹೊತ್ತು ಇಳಿದಮ್ಯಾಲ ಬರ್ತೀವಿ ಅಂತ," ಎಂದರು ಅವಳ ಯಜಮಾನರು. "ಇಕಿ ಮುಂಜಾನಿಂದ ಇಲ್ಲೇ ಕುಂತಾಳ. ನಾಷ್ಟಾನೂ ಇಲ್ಲೇ."

"ಇರ್ಲಿ ಬಿಡ್ರಿ. ಬಾಗಲಾ ತೆರದಿದ್ದರ ಗಾಳಿ ಬರ್ತೈತಿ," ಎಂದಳು ಅಕ್ಕ.

ಊಟವಾಯಿತು. ಅಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಛತ್ರಿ ತೆಗೆದುಕೊಂಡು, "ಹೊಳೀ ಕಡೆ ಹೋಗಿ ಬರೂಣೇನು ಎಲ್ಲಾರೂ? ಇನ್ನೂ ಭಾಳ ಹೊತ್ತೈತಿ," ಎಂದರು. ರವಿವಾರ ಅಲ್ಲದಿದ್ದರೂ ಅವರ ಕಾಲಿಗೆ ಹೊಳೆಯ ದಂಡೆ ನೆನಪಾಗಿತ್ತು.

"ನೀವು ಹೋಗಿ ಬರ್ರಿ 'ಪ್ಪಾ. ನಾ ಇಲ್ಲೇ ಇರ್ತೀನಿ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಅಪ್ಪ ಓಣಿಯ ತುದಿಯ ತನಕ ನಡೆದದ್ದು ಕಂಡಿತು. ಅಲ್ಲಿ ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡುತ್ತ ನಿಂತು, ತಿರುಗಿ ಬಂದರು. ಛತ್ರಿಯನ್ನು ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ, ಬಾಗಿಲ ಈಚೆ ಬದಿ ಕೂತರು. ಆಚೆ ಬದಿ ಅಕ್ಕ.

ಬೀಗರು ಹೇಳಿದ್ದಕ್ಕಿಂತ ತಡಮಾಡಿದರು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ, ಅಂಗಳದಿಂದ ಬೇಲಿಗೆ ಹೋಯಿತು. ಹುಡುಗಿ ಒಳಗಿನಿಂದ ಎರಡು ಸಲ ಇಣುಕಿ ನೋಡಿದಳು. ಅಪ್ಪ ಅಭ್ಯಾಸಬಲದಿಂದ ಕೈ ಎತ್ತಿ ಗಡಿಯಾರ ನೋಡಿ, ತಕ್ಷಣ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡರು.

"ಬರ್ತಾರ," ಎಂದರು, ಯಾರ ಮುಖವನ್ನೂ ನೋಡದೆ. "ಬಸ್ಸಿನವರದು ಏನ ಹೇಳಾಕ ಬರ್ತೈತಿ."

ಟ್ರ್ಯಾಕ್ಟರಿನಲ್ಲಿ ಬಂದರು. ದಾರಿಯಲ್ಲಿ ಟೈರು ಪಂಕ್ಚರ್ ಆಗಿತ್ತಂತೆ. ಅಕ್ಕ ಎದ್ದು ಕಾಲಿಗೆ ನೀರು ಕೊಟ್ಟು, ಒಳಗೆ ಕರೆದಳು. ಹುಡುಗಿಯ ಉಡಿ ತುಂಬಿದರು, ತಟ್ಟೆ ಕೈಗಿಟ್ಟರು. ಅಕ್ಕ ಬಾಗಿಲ ಕಂಬ ಹಿಡಿದು ನೋಡುತ್ತಿದ್ದಳು. ಹುಡುಗಿ ದೀಪ ಹಚ್ಚಿದ ತಟ್ಟೆ ಹಿಡಿದು ಗುಡಿಗೆ ಹೊರಟಾಗ ಅಕ್ಕನೂ ಹಿಂದೆ ಹೋಗಲಿ ಎಂದು ನಾನು ಎಷ್ಟು ಹೇಳಿದರೂ ಹೋಗಲಿಲ್ಲ. ಬಂದವರು ಒಳಗೆ ಕೂತಿರುವಾಗ ಹೆಂಗ ಹೋಗಲಿ ಎಂದಳು.

ಸಕ್ಕರೆ ಹಂಚುವುದು ಮರುದಿನ. ಮೊದಲ ತುಂಡನ್ನು ಹುಡುಗಿ ಅಜ್ಜನಿಗೇ ಕೊಟ್ಟಳು. ಗುಲಾಬಿ ಬಣ್ಣದ ಆನೆಯ ಕಾಲು. ಅಪ್ಪ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತೇ ಇದ್ದರು. ಅಕ್ಕ ಊರಿಗೆಲ್ಲ ಹಂಚಿ ಬರುವ ಹೊತ್ತಿಗೆ ಬಿಸಿಲೇರಿತ್ತು. ಅಪ್ಪನ ಮುಷ್ಟಿಯಿಂದ ಗುಲಾಬಿ ನೀರು ಮಣಿಕಟ್ಟಿಗೆ ಇಳಿದು ಗಡಿಯಾರದ ಪಟ್ಟಿಯನ್ನು ತೋಯಿಸಿತ್ತು. ನೊಣ ಕೂರುತ್ತಿದ್ದರೂ ಕೈ ಆಡಿಸಿರಲಿಲ್ಲ.

"ಇದೇನ್ರಿ 'ಪ್ಪಾ," ಎಂದಳು ಅಕ್ಕ.

ಅಪ್ಪ ಅವಳ ಮುಖ ನೋಡಿದರು.

ಅಕ್ಕ ತಂಬಿಗೆಯಲ್ಲಿ ನೀರು ತಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಅವರ ಗಡಿಯಾರ ಬಿಚ್ಚಿ ಬದಿಗಿಟ್ಟಳು. ಅಂಟಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನೀರು ಹಾಕುತ್ತ ಕೈ ತೊಳೆದಳು.